ಗುತ್ತಿಗೆದಾರನ ಕೊಡಲಿ, ತನ್ನ ಕೈಯ ಕತ್ತಿ



1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನರು ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತರು. ಗುತ್ತಿಗೆದಾರರ ಕೊಡಲಿ ತಡೆಯಲ್ಪಟ್ಟಿತು. ಹಿಮಾಲಯದ ಚಿಪ್ಕೋದಿಂದ ಸ್ಫೂರ್ತಿ ಪಡೆದ ಈ ಅಪ್ಪಿಕೋ ಚಳವಳಿಯು ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳನ್ನು ನಾಡಿಗೆ ನೀಡಿತು. ಮೊದಲಿನ ಎರಡನ್ನು ಸರ್ಕಾರಕ್ಕೂ ಹೇಳಬಹುದು. ಮೂರನೆಯದಾದ ವಿವೇಕದ ಬಳಕೆಯನ್ನು ಮಾತ್ರ ಮನುಷ್ಯನು ತನಗೆ ತಾನೇ ಹೇಳಿಕೊಳ್ಳಬೇಕು. ಆದುದರಿಂದಲೇ ಅದು ಕಠಿಣ.

ಸೊಪ್ಪಿನ ಬೆಟ್ಟವನ್ನೇ ನೋಡಿರಿ. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ಕೃಷಿಕರಿಗೆ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ದೊರೆತಿದೆ. ಅಲ್ಲಿ ಗುತ್ತಿಗೆದಾರನಿಲ್ಲ, ಕತ್ತಿ ಕೃಷಿಕನದೇ. ಪ್ರತಿವರ್ಷವೂ ತುದಿಯವರೆಗೆ ಸೊಪ್ಪು ಕೊಯ್ದರೆ ಮತ್ತಿ, ಹೊನ್ನೆ, ನಂದಿಯಂಥ ಮರಗಳು ಬೋಳು ಕಂಬಗಳಾಗುತ್ತವೆ. ಎಲೆ ಕಳೆದುಕೊಂಡ ಮರ ಸೊರಗುತ್ತದೆ, ಬೀಜ ಕಟ್ಟುವುದು ಕುಗ್ಗುತ್ತದೆ. ಒಣಗಿದೆಲೆಯನ್ನೆಲ್ಲ ಗುಡಿಸಿ ತಂದಲ್ಲಿ ಮಳೆಹನಿ ಬರಿನೆಲಕ್ಕೆ ಬಡಿಯುತ್ತದೆ. ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ಇಂಗಬೇಕಾದ ನೀರು ಹರಿದುಹೋಗುತ್ತದೆ. ತೋಟಕ್ಕೆ ನೀರುಣಿಸುವ ಹಳ್ಳ ಬೇಸಿಗೆಗೆ ಮುನ್ನವೇ ಬತ್ತುವುದಕ್ಕೆ ಇದೂ ಒಂದು ಕಾರಣ. ಹೀಗೆ ಬೆಟ್ಟದಿಂದ ತಂದ ಗೊಬ್ಬರವೇ ತೋಟಕ್ಕೆ ಸಾಲವಾಗಿ ಪರಿಣಮಿಸುತ್ತದೆ. ಇತ್ತ ಗೊಬ್ಬರವಾಗಬಲ್ಲ ಅಡಿಕೆ ಸಿಪ್ಪೆ ರಸ್ತೆಯ ಬದಿಯಲ್ಲಿ ರಾಶಿ ಬೀಳುತ್ತದೆ.

ಪರಿಹಾರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬೆಟ್ಟವನ್ನು ಮೂರು ನಾಲ್ಕು ಭಾಗ ಮಾಡಿ, ವರ್ಷಕ್ಕೊಂದು ಭಾಗದಲ್ಲಿ ಮಾತ್ರ ಸೊಪ್ಪು ಕೊಯ್ಯಬಹುದು. ತುದಿಯ ರೆಂಬೆಗಳನ್ನೂ ತಾನಾಗಿ ಹುಟ್ಟಿದ ಸಸಿಗಳನ್ನೂ ಬಿಡಬಹುದು. ಸಿಪ್ಪೆ, ಸೋಗೆಗಳನ್ನು ಸಗಣಿಯೊಡನೆ ಕೊಳೆಯಿಸಿ ತೋಟಕ್ಕೇ ಮರಳಿಸಬಹುದು. ಅಡಿಕೆ ಬೇಯಿಸಲೂ ಸ್ನಾನದ ನೀರು ಕಾಯಿಸಲೂ ಸೌದೆ ಉಳಿಸುವ ಒಲೆ ಹೂಡಬಹುದು. ಅಪ್ಪಿಕೋ ಚಳವಳಿಯೂ ಮರ ಉಳಿಸಿದಲ್ಲಿಗೆ ನಿಲ್ಲದೆ, ಸಸಿ ಬೆಳೆಸುವ ಹಾಗೂ ಇಂಥ ಒಲೆಗಳನ್ನು ಹಬ್ಬಿಸುವ ಕೆಲಸಕ್ಕೆ ಇಳಿದಿತ್ತು.

ಹಾಗಾದರೆ ಗಣಿ, ಅಣೆಕಟ್ಟುಗಳ ವಿರುದ್ಧದ ಹೋರಾಟ ಕಾಯಬೇಕೇ? ಇಲ್ಲ. ತನ್ನನ್ನು ಪೂರ್ಣವಾಗಿ ತಿದ್ದಿಕೊಂಡ ಮೇಲೆಯೇ ಮಾತನಾಡಬೇಕೆಂದರೆ ಯಾರೂ ಬಾಯಿ ತೆರೆಯಲಾರರು. ಅಷ್ಟರಲ್ಲಿ ಕಾಡೂ ಉಳಿಯದು. ಆದರೆ ಬೋಳು ಬೆಟ್ಟದ ಒಡೆಯನು ಹಸಿರಿನ ಪರವಾಗಿ ಮನವಿ ಸಲ್ಲಿಸಿದಾಗ, ಎದುರಿನ ಅಧಿಕಾರಿ ಆ ಬೆಟ್ಟದತ್ತ ಬೆರಳು ತೋರಿಸಿದರೆ ಸಾಕು, ಮನವಿ ಅಲ್ಲಿಗೇ ಮುಗಿಯುತ್ತದೆ. ಆತ್ಮಶೋಧನೆಯು ಹೋರಾಟಕ್ಕೆ ಬದಲಿಯಲ್ಲ, ಅದರ ಬಲ.

ವಿದ್ಯಾರ್ಥಿಗಳು ಈ ವರ್ಷ ಒಂದು ಕೆಲಸ ಮಾಡಲಿ. ಮನೆಯ ಬೆಟ್ಟದಲ್ಲಿ ಎರಡು ಸಣ್ಣ ತುಂಡುಗಳನ್ನು ಗುರುತಿಸಿ, ಒಂದರಲ್ಲಿ ಎಲೆ ಗುಡಿಸದೆ ಬಿಡಲಿ. ಮಳೆ ಮುಗಿದ ಬಳಿಕ ಎರಡೂ ಕಡೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಲಿ, ಸಸಿಗಳನ್ನು ಎಣಿಸಲಿ. ಕಂಡದ್ದನ್ನು ಮೊದಲು ಮನೆಯ ಹಿರಿಯರಿಗೆ ತಿಳಿಸಲಿ. ಸಭೆಗೆ ಹೇಳುವುದು ಅನಂತರ.