ಹತ್ತಿರದ ನುಡಿಯ ಕಲಿಕೆ: ಕನ್ನಡ ಬಲ್ಲವರಿಗೆ ತೆಲುಗಿನ ಮಾತು ಮತ್ತು ವ್ಯಾಕರಣ

ಒಂದೇ ಮೂಲದಿಂದ ಕವಲೊಡೆದು, ಕಾಲಾಂತರದಲ್ಲಿ ಬೇರೆ ಬೇರೆ ನಾಡುಗಳ ಮಾತಾಗಿ ನೆಲೆನಿಂತ ಭಾಷೆಗಳನ್ನು ಸೋದರ ಭಾಷೆಗಳೆಂದು ಕರೆಯುವ ರೂಢಿಯಿದೆ. ಅವುಗಳಲ್ಲಿ ಒಂದನ್ನು ತಾಯ್ನುಡಿಯಾಗಿ ಪಡೆದವರು ಇನ್ನೊಂದನ್ನು ಕಲಿಯಹೊರಟಾಗ ಅರ್ಧದಷ್ಟು ದಾರಿ ತಾನಾಗಿಯೇ ಸವೆದಂತೆ ತೋರುತ್ತದೆ. ಉಳಿದರ್ಧವನ್ನು ನಡೆಯದೆ ನಿಲ್ಲುವಂತೆ ಮಾಡುವುದೂ ಆ ತೋರಿಕೆಯೇ. ಸ್ಪ್ಯಾನಿಷ್ ಆಡುವವರು ಇಟಾಲಿಯನ್ ಕಲಿಯುವಾಗ ಇದು ಚೆನ್ನಾಗಿ ಕಾಣುತ್ತದೆ. ಎರಡೂ ಲ್ಯಾಟಿನ್ನಿನ ಮಕ್ಕಳು, ಪತ್ರಿಕೆಯ ಸಾಲು ಓದಿದರೆ ಬಹುಪಾಲು ತಿಳಿಯುತ್ತದೆ. ಆದರೆ ಸ್ಪ್ಯಾನಿಷ್‌ನಲ್ಲಿ ಕತ್ತೆಯಾಗಿರುವ ‘ಬುರ್ರೊ’ ಇಟಾಲಿಯನ್‌ನಲ್ಲಿ ಬೆಣ್ಣೆ, ಅಲ್ಲಿ ಹೊರಗೆ ಹೋಗುವುದನ್ನು ಹೇಳುವ ‘ಸಾಲಿರ್’ ಇಲ್ಲಿ ‘ಸಾಲಿರೆ’ಯಾಗಿ ಮೇಲಕ್ಕೆ ಹತ್ತುವುದನ್ನು ಹೇಳುತ್ತದೆ, ಅಲ್ಲಿ ಸಾರಾಗಿರುವ ‘ಕಾಲ್ದೊ’ ಇಲ್ಲಿ ಬಿಸಿ ಎಂಬ ಗುಣವಾಚಕ. ಹೀಗೆ ರೂಪದಲ್ಲಿ ಒಂದಾಗಿ ಅರ್ಥದಲ್ಲಿ ಬೇರಾದ ಪದಗಳನ್ನು ಈ ಉಪನ್ಯಾಸದಲ್ಲಿ ಹುಸಿನೆಂಟ ಪದಗಳೆಂದು ಕರೆಯಲಾಗಿದೆ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂಥ ಊರಿನ ಓದುಗರಿಗೆ ಇದೇ ಪ್ರಶ್ನೆ ಯುರೋಪಿನ ದೂರದ ವಿಷಯವಾಗಿ ಉಳಿಯಬೇಕಾಗಿಲ್ಲ, ಏಕೆಂದರೆ ಕನ್ನಡಕ್ಕೂ ತೆಲುಗಿಗೂ ಇರುವ ಸಂಬಂಧ ಇಂಥದೇ ಆಗಿದ್ದು, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಜನ ತಲೆಮಾರುಗಳಿಂದ ಈ ಎರಡು ನುಡಿಗಳ ನೆರೆಯಲ್ಲಿ ಬದುಕಿದ್ದಾರೆ. ವಂಶಾವಳಿಯನ್ನು ಕಟ್ಟುನಿಟ್ಟಾಗಿ ನೋಡಿದರೆ ಕನ್ನಡವು ದಕ್ಷಿಣ ದ್ರಾವಿಡ ಶಾಖೆಗೆ ಸೇರಿದ್ದು, ತೆಲುಗು ಬೇರೊಂದು ಶಾಖೆಯದು. ಭದ್ರಿರಾಜು ಕೃಷ್ಣಮೂರ್ತಿಯವರು ಅದನ್ನು ದಕ್ಷಿಣ-ಮಧ್ಯ ಶಾಖೆಯೆಂದು ಕರೆದಿದ್ದಾರೆ. ಹಾಗಿರುವಾಗ ಇವೆರಡರ ಇಂದಿನ ಹೋಲಿಕೆಯಲ್ಲಿ ಒಂದು ಪಾಲು ಹುಟ್ಟಿನಿಂದ ಬಂದದ್ದಾದರೆ, ಇನ್ನೊಂದು ಪಾಲು ಒಂದೇ ಅರಸೊತ್ತಿಗೆಗಳ ಆಳ್ವಿಕೆಯಿಂದ, ಒಂದೇ ಲಿಪಿಯ ಬಳಕೆಯಿಂದ, ಸಂತೆ ಮತ್ತು ಮದುವೆಗಳ ಕೊಡುಕೊಳೆಯಿಂದ ಬೆಳೆದದ್ದು. ಪಂಪನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದಲ್ಲಿ ಕೆತ್ತಿಸಿದ 10ನೆಯ ಶತಮಾನದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇರುವುದು ಈ ನೆರೆತನ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ.

ಬಳ್ಳಾರಿ ಸೀಮೆಯ ಆಡಳಿತದ ಇತಿಹಾಸವೂ ಇದಕ್ಕೆ ಸೇರುತ್ತದೆ. 1800ರಲ್ಲಿ ನಿಜಾಮನಿಂದ ಕಂಪನಿ ಸರಕಾರಕ್ಕೆ ಬಂದ ದತ್ತ ಮಂಡಲಗಳಲ್ಲಿ ಈ ಪ್ರದೇಶ ಸೇರಿತ್ತು. ಮುಂದೆ ರೂಪುಗೊಂಡ ಬಳ್ಳಾರಿ ಜಿಲ್ಲೆಯಲ್ಲಿ 1882ರವರೆಗೆ ಅನಂತಪುರ ಸೀಮೆಯೂ ಅಡಗಿತ್ತು. ಆ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಊರ ಮಠಗಳ, ಎಂದರೆ ಅಂದಿನ ಖಾಸಗಿ ಶಾಲೆಗಳ, ಕುರಿತು ಸಲ್ಲಿಸಿದ ವರದಿಯಲ್ಲಿ 533 ಶಾಲೆಗಳ ಲೆಕ್ಕವಿದ್ದು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಉಳಿದವು ಮರಾಠಿ, ಸಂಸ್ಕೃತ, ಪಾರಸಿ ಮೊದಲಾದವು. ಒಂದೇ ಜಿಲ್ಲೆಯಲ್ಲಿ ಎರಡು ನುಡಿಗಳು ಬಹುಮಟ್ಟಿಗೆ ಸಮತೂಕದಲ್ಲಿ ಕಲಿಸಲ್ಪಡುತ್ತಿದ್ದುದನ್ನು ಈ ಅಂಕಿಗಳು ತೋರಿಸುತ್ತವೆ. ಇದೇ ಕ್ಯಾಂಪ್‌ಬೆಲ್ 1816ರಲ್ಲಿ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದನು, ಮತ್ತು ತಮಿಳು, ತೆಲುಗು, ಕನ್ನಡಗಳು ಸಂಸ್ಕೃತಜನ್ಯವಲ್ಲದ ಒಂದು ಪ್ರತ್ಯೇಕ ಕುಟುಂಬವೆಂದು ಎಫ್. ಡಬ್ಲ್ಯು. ಎಲ್ಲಿಸ್ ವಾದಿಸಿದ ಟಿಪ್ಪಣಿ ಮೊದಲು ಅಚ್ಚಾದದ್ದು ಆ ಪುಸ್ತಕದ ಮುನ್ನುಡಿಯ ಭಾಗವಾಗಿಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಮೈಸೂರಿಗೆ ಸೇರಿದವು. ಗಡಿ ಅಂದಿನಿಂದ ಇದೆ, ಮಾತಿನ ಓಡಾಟ ನಿಂತಿಲ್ಲ.

ಕ್ಯಾಂಪ್‌ಬೆಲ್ಲನ ವರದಿಯಲ್ಲಿ ಇನ್ನೊಂದು ಮಾತಿದೆ. ಕನ್ನಡ ಮತ್ತು ತೆಲುಗು ಶಾಲೆಗಳಲ್ಲಿ ಓದಿಸುತ್ತಿದ್ದ ಪುಸ್ತಕಗಳು ಪದ್ಯದಲ್ಲಿದ್ದು, ವ್ಯವಹಾರದ ಮಾತಿಗಿಂತ ಬೇರೆಯಾದ ಭಾಷಾರೂಪದವಾಗಿದ್ದುದರಿಂದ, ಅಕ್ಷರ ಬಲ್ಲ ಹುಡುಗನು ಅವನ್ನು ತಡೆಯಿಲ್ಲದೆ ಓದುತ್ತಿದ್ದನಾದರೂ ಅರ್ಥವನ್ನು ಅರಿಯುತ್ತಿರಲಿಲ್ಲ ಎಂಬುದು ಅವನ ಕೊರಗು. ಅವನು ಹೇಳಿದ್ದು ಒಂದೇ ಭಾಷೆಯ ಎರಡು ರೂಪಗಳ ಬಗ್ಗೆ. ಆದರೆ ಇಂದು ಕನ್ನಡ ಓದಬಲ್ಲವರು ತೆಲುಗು ಫಲಕದ ಮುಂದೆ ನಿಂತಾಗಲೂ ನಡೆಯುವುದು ಅದೇ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಇತ್ತೀಚಿನ ಶತಮಾನಗಳಲ್ಲಿ ಬೇರ್ಪಟ್ಟವಾದುದರಿಂದ, ತಲೆಕಟ್ಟಿನ ವ್ಯತ್ಯಾಸವನ್ನೂ ಕೆಲವು ಅಕ್ಷರಗಳ ತಿರುವನ್ನೂ ಒಂದೆರಡು ವಾರ ಅಭ್ಯಾಸ ಮಾಡಿದರೆ ಓದು ಬರುತ್ತದೆ. ಲಿಪಿಯಿಂದಲೇ ಆರಂಭಿಸುವ ಪಾಠಕ್ರಮ ಕಲಿಯುವವರಿಗೆ ಬೇಗನೆ ತೃಪ್ತಿ ಕೊಡುತ್ತದೆ, ಮತ್ತು ಆ ತೃಪ್ತಿಯಲ್ಲೇ ಅನೇಕರ ಕಲಿಕೆ ನಿಂತುಹೋಗುತ್ತದೆ. ಆದ್ದರಿಂದ ಕಿವಿಯಿಂದ ಆರಂಭಿಸುವುದು ಮೇಲು.

ಕಿವಿಗೆ ಮೊದಲು ಬೇಕಾದದ್ದು ಧ್ವನಿಗಳ ಲೆಕ್ಕ. ಕನ್ನಡದ ಪದಾದಿಯ ಹಕಾರಕ್ಕೆ ತೆಲುಗಿನಲ್ಲಿ ಪಕಾರ ನಿಲ್ಲುತ್ತದೆ: ಹಾಲು–ಪಾಲು, ಹುಲಿ–ಪುಲಿ, ಹಾವು–ಪಾಮು, ಹಣ್ಣು–ಪಂಡು, ಹೆಸರು–ಪೇರು. ಬಾಗಳಿಯವರಿಗೆ ಇದನ್ನು ವಿವರಿಸಲು ಪರಸ್ಥಳದ ಉದಾಹರಣೆ ಬೇಡ. ಅಲ್ಲಿನ ಕಲ್ಲೇಶ್ವರ ದೇವಾಲಯವೂ ಅದರ ಶಾಸನಗಳೂ ಸೇರಿದ 10 ಮತ್ತು 11ನೆಯ ಶತಮಾನಗಳ ಕನ್ನಡವು ಹಳಗನ್ನಡವಾಗಿದ್ದು, ಅದರಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹೆಸರು ‘ಪೆಸರ್’ ಎಂದೇ ಇದ್ದವು. ಪಕಾರವು ಹಕಾರವಾದದ್ದು ಮುಂದಿನ ಕಾಲದ ಬದಲಾವಣೆ. ಎರಡನೆಯದಾಗಿ, ಕನ್ನಡದ ಪದಾದಿಯ ಬಕಾರಕ್ಕೆ ಅನೇಕ ಕಡೆ ತೆಲುಗಿನಲ್ಲಿ ವಕಾರವಿದೆ: ಬೇರು–ವೇರು, ಬಿಲ್ಲು–ವಿಲ್ಲು, ಬೆಣ್ಣೆ–ವೆನ್ನ, ಬೇವು–ವೇಪ, ಬಿತ್ತನೆ–ವಿತ್ತನಂ. ಮೂರನೆಯದು ತಾಲವ್ಯೀಕರಣ, ಎಂದರೆ ಇಕಾರ ಎಕಾರಗಳ ಹಿಂದಿನ ಕಕಾರವು ಚಕಾರವಾಗುವುದು: ಕಿವಿ–ಚೆವಿ, ಕೈ–ಚೆಯ್ಯಿ, ಕೆರೆ–ಚೆರುವು. ನಾಲ್ಕನೆಯದು ವರ್ಣಪಲ್ಲಟ, ಪದದೊಳಗಿನ ಧ್ವನಿಗಳು ಸ್ಥಳ ಬದಲಿಸುವುದು. ಎರಡು ಎಂಬುದಕ್ಕೆ ರೆಂಡು, ಒರಳು ಎಂಬುದಕ್ಕೆ ರೋಲು, ಒಳಗೆ ಎಂಬುದರ ‘ಒಳ’ಕ್ಕೆ ‘ಲೋ’ ಬಂದದ್ದು ಹೀಗೆ. ಈ ನಾಲ್ಕನ್ನು ಬಲ್ಲವರಿಗೆ ಅಪರಿಚಿತವೆಂದು ತೋರುತ್ತಿದ್ದ ನೂರಾರು ತೆಲುಗು ಪದಗಳು ಮನೆಯ ಪದಗಳಾಗಿಯೇ ಕಾಣತೊಡಗುತ್ತವೆ.

ಹುಸಿನೆಂಟ ಪದಗಳಿಗೆ ಇಂಥ ಲೆಕ್ಕವಿಲ್ಲ, ಒಂದೊಂದನ್ನೂ ನೆನಪಿನಲ್ಲಿಡಬೇಕು. ಕನ್ನಡದ ‘ಮಗ’ ತೆಲುಗಿನಲ್ಲಿ ಗಂಡು ಎಂಬ ಅರ್ಥದ್ದು, ‘ಮಗಡು’ ಎಂದರೆ ಗಂಡ; ಮಗನಿಗೆ ಅಲ್ಲಿ ‘ಕೊಡುಕು’ ಎನ್ನುತ್ತಾರೆ. ಕನ್ನಡದ ‘ಕೊಟ್ಟನು’ ದಾನವನ್ನು ಹೇಳಿದರೆ ತೆಲುಗಿನ ‘ಕೊಟ್ಟಾಡು’ ಹೊಡೆದನೆಂಬುದನ್ನು ಹೇಳುತ್ತದೆ. ತೆಲುಗಿನ ‘ಎದ್ದು’ ಎತ್ತು, ‘ಇಲ್ಲು’ ಮನೆ, ‘ಕಲ್ಲು’ ಹೆಂಡದ ಜಾತಿಯ ಕಳ್ಳು, ‘ಎಂತ’ ಎಷ್ಟು. ನೆಂಟಸ್ತಿಕೆಯ ಪದಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು: ಬಳ್ಳಾರಿ ಸೀಮೆಯಲ್ಲಿ ತಾಯಿಯನ್ನು ಕರೆಯುವ ‘ಅವ್ವ’ ತೆಲುಗಿನಲ್ಲಿ ಅಜ್ಜಿ, ಆದ್ದರಿಂದ ನಡುವಯಸ್ಸಿನ ಹೆಂಗಸನ್ನು ಗೌರವದಿಂದಲೇ ಅವ್ವ ಎಂದು ಕರೆದ ಕನ್ನಡಿಗನು ಆಕೆಯ ವಯಸ್ಸನ್ನು ಒಂದು ತಲೆಮಾರು ಏರಿಸಿದಂತಾಗುತ್ತದೆ; ಅಲ್ಲಿ ಅಮ್ಮ ಅಥವಾ ಅಕ್ಕ ಎನ್ನುವುದು ಸರಿ. ಮನೆಗೆ ಬಂದವರನ್ನು ತೆಲುಗಿನವರು ಆದರದಿಂದ ಬರಮಾಡಿಕೊಳ್ಳುವ ‘ರಂಡಿ’ ಎಂಬ ಮಾತು ಬಯಲುಸೀಮೆಯ ಕಿವಿಗೆ ಬೈಗುಳದಂತೆ ಬಡಿಯುತ್ತದೆ. ‘ರಾ’ ಎಂಬ ಕ್ರಿಯಾಪದಕ್ಕೆ ಗೌರವದ ‘ಅಂಡಿ’ ಸೇರಿ ಆದ ಈ ರೂಪವು ಇಲ್ಲಿನ ‘ಬರ್ರೀ’ಗೆ ಸರಿಸಮವಾದದ್ದು, ಇಲ್ಲಿನ ‘ಹೌದ್ರೀ’ಗೆ ಅಲ್ಲಿ ‘ಅವುನಂಡಿ’ ಇರುವಂತೆ. ಕನ್ನಡದ ‘ರೀ’ ನಿಲ್ಲುವೆಡೆಯಲ್ಲಿ ತೆಲುಗಿನ ‘ಅಂಡಿ’ ನಿಲ್ಲುತ್ತದೆಂದು ಕಲಿತ ದಿನವೇ ಕಲಿಯುವವನ ಮಾತಿಗೆ ಮರ್ಯಾದೆ ಬರುತ್ತದೆ.

ವ್ಯಾಕರಣದಲ್ಲಿ ಬಹುಪಾಲು ಕಟ್ಟು ಒಂದೇ. ಕ್ರಿಯಾಪದ ಕೊನೆಗೆ ಬರುತ್ತದೆ. ‘ಬಂದು’, ‘ಬಂದ’ ಎಂಬ ಕೃದಂತಗಳಿಗೆ ‘ವಚ್ಚಿ’, ‘ವಚ್ಚಿನ’ ಎಂಬವು ಒದಗುತ್ತವೆ. ಬೇಕು, ಗೊತ್ತು ಎಂಬವುಗಳ ಜೊತೆ ಕನ್ನಡದಂತೆಯೇ ಚತುರ್ಥೀ ವಿಭಕ್ತಿ ಬರುವುದರಿಂದ ‘ನನಗೆ ನೀರು ಬೇಕು’ ಎಂಬುದು ‘ನಾಕು ನೀಳ್ಳು ಕಾವಾಲಿ’ ಎಂದೂ ‘ನನಗೆ ಗೊತ್ತು’ ಎಂಬುದು ‘ನಾಕು ತೆಲುಸು’ ಎಂದೂ ಪದಕ್ಕೆ ಪದವಾಗಿ ಹೊಂದುತ್ತವೆ. ಇಷ್ಟನ್ನು ಕಲಿಸಲು ಹೆಚ್ಚು ಹೊತ್ತು ಬೇಡ. ಹೊತ್ತು ಕೊಡಬೇಕಾದದ್ದು ಕ್ರಿಯಾಪದದ ಕೊನೆಯಲ್ಲಿ ಲಿಂಗ ವಚನಗಳನ್ನು ಸೂಚಿಸುವ ಆಖ್ಯಾತ ಪ್ರತ್ಯಯಗಳಿಗೆ.

ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಎಂದು ಏಕವಚನದಲ್ಲಿ ಮೂರು ರೂಪಗಳಿವೆ. ತೆಲುಗಿನಲ್ಲಿ ಎರಡೇ: ಗಂಡಸು ಬಂದರೆ ‘ವಚ್ಚಾಡು’, ಉಳಿದ ಯಾರೇ ಯಾವುದೇ ಬಂದರೂ ‘ವಚ್ಚಿಂದಿ’. ಅಕ್ಕ ಬಂದರೂ ‘ವಚ್ಚಿಂದಿ’, ಆಕಳು ಬಂದರೂ ‘ವಚ್ಚಿಂದಿ’. ಬಹುವಚನದಲ್ಲಿ ಗೆರೆ ಬೇರೆ ಕಡೆ ಬೀಳುತ್ತದೆ: ಗಂಡಸರೂ ಹೆಂಗಸರೂ ಒಟ್ಟಾಗಿ ‘ವಚ್ಚಾರು’, ದನಕರುಗಳು ಮತ್ತು ವಸ್ತುಗಳು ‘ವಚ್ಚಾಯಿ’. ಅಮ್ಮನ ಬಗ್ಗೆ ‘ವಚ್ಚಿಂದಿ’ ಎಂದು ಕೇಳಿದ ಕನ್ನಡಿಗನಿಗೆ ‘ಅಮ್ಮ ಬಂತು’ ಎಂದಂತಾಗಿ, ತೆಲುಗಿನವರು ಹೆಂಗಸರನ್ನು ಹಗುರವಾಗಿ ಕಾಣುತ್ತಾರೆಂಬ ತಪ್ಪು ತೀರ್ಮಾನ ಹುಟ್ಟುವುದುಂಟು. ಅದು ಅನ್ಯಾಯದ ತೀರ್ಮಾನ. ಗೌರವ ಬೇಕಾದಲ್ಲಿ ತೆಲುಗು ‘ವಚ್ಚಾರು’ ಎಂಬ ಬಹುವಚನವನ್ನು ಬಳಸುತ್ತದೆ, ಹೆಸರಿನ ಮುಂದೆ ‘ಗಾರು’ ಸೇರಿಸುತ್ತದೆ. ಏಕವಚನದ ಪ್ರತ್ಯಯವು ಒಂದು ಪ್ರಾಚೀನ ವಿಂಗಡಣೆಯ ಉಳಿಕೆಯೇ ಹೊರತು ಅದರಲ್ಲಿ ಯಾರ ಮೇಲೂ ತಾತ್ಸಾರವಿಲ್ಲ. ಸ್ಪ್ಯಾನಿಷ್‌ನಿಂದ ಇಟಾಲಿಯನ್‌ಗೆ ಹೋಗುವವರಿಗೆ ಇದೇ ತೊಡಕು ತಿರುಗುಮುರುಗಾಗಿ ಬರುತ್ತದೆ: ಬಂದವರು ಗಂಡಾದರೂ ಹೆಣ್ಣಾದರೂ ಸ್ಪ್ಯಾನಿಷ್‌ನಲ್ಲಿ ‘ಆ ವೆನಿದೊ’ ಸಾಕು, ಇಟಾಲಿಯನ್‌ನಲ್ಲಿ ಗಂಡಿಗೆ ‘ವೆನೂತೊ’, ಹೆಣ್ಣಿಗೆ ‘ವೆನೂತ’ ಎಂದು ಬದಲಿಸಬೇಕು. ಅವರು ತಮ್ಮ ನುಡಿಯಲ್ಲಿಲ್ಲದ ಭೇದವನ್ನು ಹೊಸದಾಗಿ ಕಲಿಯುತ್ತಾರೆ. ಕನ್ನಡಿಗರು ಇರುವ ಭೇದವನ್ನು ಬಿಡಲು ಕಲಿಯಬೇಕು, ಮತ್ತು ಬಿಡುವ ಕಲಿಕೆ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ.

ಚಿಕ್ಕವಾಗಿ ಕಂಡರೂ ಮಾತಿನಲ್ಲಿ ದಿನವೂ ಎದುರಾಗುವ ಇನ್ನು ಕೆಲವು ಅಂಶಗಳಿವೆ. ಹಾಲು, ನೀರುಗಳು ತೆಲುಗಿನಲ್ಲಿ ಬಹುವಚನ, ಆದ್ದರಿಂದ ‘ಹಾಲು ಇದೆ’ ಎಂಬುದು ‘ಪಾಲು ಉನ್ನಾಯಿ’. ಎಲ್ಲ ಪುರುಷಗಳಿಗೂ ಬದಲಾಗದೆ ನಿಲ್ಲುವ ಕನ್ನಡದ ‘ಇಲ್ಲ’ಕ್ಕೆ ಎದುರಾಗಿ ‘ನೇನು ಲೇನು’, ‘ವಾಡು ಲೇಡು’, ‘ಆಮೆ ಲೇದು’ ಎಂಬ ರೂಪಭೇದಗಳಿವೆ. ಕನ್ನಡದಲ್ಲಿ ‘ನಾವು ರೈತರು’ ಎಂದರೆ ಮುಗಿಯಿತು, ತೆಲುಗಿನಲ್ಲಿ ನಾಮಪದಕ್ಕೂ ಪುರುಷವಾಚಕ ಪ್ರತ್ಯಯ ಹತ್ತಿ ‘ಮೇಮು ರೈತುಲಂ’ ಆಗುತ್ತದೆ. ‘ಇಲ್ಲು’ ಎಂಬುದು ವಿಭಕ್ತಿ ಸೇರುವ ಮುನ್ನ ‘ಇಂಟಿ’ ಆಗುತ್ತದೆ. ತೆಲುಗು ವೈಯಾಕರಣರು ಔಪವಿಭಕ್ತಿಕವೆಂದು ಕರೆಯುವ ಈ ಬದಲಾವಣೆಯಿಂದಲೇ ಮನೆತನದ ಹೆಸರಿಗೆ ‘ಇಂಟಿಪೇರು’ ಎಂಬ ಮಾತು ಬಂದಿದೆ.

ಯಾವ ತೆಲುಗನ್ನು ಕಲಿಯಬೇಕೆಂಬುದು ಬಾಗಳಿಯಂಥ ಊರಿಗೆ ನಿಜವಾದ ಪ್ರಶ್ನೆ. ಪಠ್ಯಪುಸ್ತಕಗಳೂ ಚಲನಚಿತ್ರಗಳೂ ಹೆಚ್ಚಾಗಿ ಕರಾವಳಿ ಆಂಧ್ರದ ಮಾತನ್ನು ಆಧರಿಸಿವೆ, ತುಂಗಭದ್ರಾ ಕಾಲುವೆಗಳ ಬಯಲಿನ ಕ್ಯಾಂಪ್‌ಗಳೆಂಬ ವಲಸೆಯ ಊರುಗಳಲ್ಲಿ ನೆಲೆಸಿದ ರೈತರದೂ ಅದೇ ಮಾತು. ಆದವಾನಿ, ರಾಯದುರ್ಗದ ಕಡೆಯದು ರಾಯಲಸೀಮೆಯ ತೆಲುಗು. ಹೋಗುವುದಕ್ಕೆ ಕರಾವಳಿಯವರು ‘ವೆಳ್ಳು’ ಎಂಬ ಧಾತುವನ್ನು ಮೆಚ್ಚಿದರೆ ರಾಯಲಸೀಮೆಯವರ ಬಾಯಲ್ಲಿ ‘ಪೋ’ ಹೆಚ್ಚು, ಮತ್ತು ಅದು ಕನ್ನಡದ ‘ಹೋಗು’ವಿನ ನೇರ ನೆಂಟ. ಹತ್ತಿರದ ರಾಯಲಸೀಮೆಯ ಮಾತನ್ನು ಮೊದಲು ಕಿವಿಗೆ ಹಾಕಿಕೊಂಡು ಬರಹಕ್ಕೆ ಶಿಷ್ಟರೂಪವನ್ನು ಕಲಿಯುವುದು ಈ ಸೀಮೆಯವರಿಗೆ ಹೆಚ್ಚು ಒಗ್ಗುತ್ತದೆ. ಗಿಡುಗು ರಾಮಮೂರ್ತಿಯವರು (1863–1940) ಗ್ರಾಂಥಿಕ ಭಾಷೆಯ ಹಿಡಿತದಿಂದ ತೆಲುಗು ಬರಹವನ್ನು ಬಿಡಿಸಲು ಹೋರಾಡಿದ್ದರಿಂದ ಇಂದಿನ ಶಿಷ್ಟರೂಪವೂ ಆಡುಮಾತಿಗೆ ಸಾಕಷ್ಟು ಹತ್ತಿರವಿದೆ. ಕ್ಯಾಂಪ್‌ಬೆಲ್ ಕಂಡ ಹುಡುಗನಿಗೆ ಪುಸ್ತಕದ ಭಾಷೆಗೂ ಆಡುಮಾತಿಗೂ ಇದ್ದ ಅಂತರದಿಂದ ಆಗುತ್ತಿದ್ದ ಕಷ್ಟ ಇಂದಿನ ಕಲಿಯುವವರಿಗಿಲ್ಲ. ಎರಡೂ ನುಡಿಗಳಲ್ಲಿ ಪೂರ್ಣವಾಗಿ ನಿಂತವರಿಗೂ ಬಳ್ಳಾರಿಯಲ್ಲಿ ಕೊರತೆಯಿರಲಿಲ್ಲ: ತೆಲುಗು ರಂಗಭೂಮಿಯ ದೊಡ್ಡ ನಟರಾದ ಬಳ್ಳಾರಿ ರಾಘವರು (1880–1946) ಕನ್ನಡದಲ್ಲಿಯೂ ಅಭಿನಯಿಸಿದವರು.

ಸಂಭಾಷಣೆಯ ಪಾಠವನ್ನು ‘ನಾವು’ ಎಂಬ ಪದದಿಂದ ಆರಂಭಿಸಿದರೆ ಕಲಿಯುವವರ ಗಮನ ಮೊದಲ ದಿನವೇ ಸರಿಯಾದ ಕಡೆ ತಿರುಗುತ್ತದೆ. ಇಂದಿನ ಕನ್ನಡದ ಒಂದು ‘ನಾವು’ವಿಗೆ ತೆಲುಗಿನಲ್ಲಿ ಎರಡು ಪದಗಳಿವೆ: ಕೇಳುವವರನ್ನು ಹೊರಗಿಟ್ಟು ಹೇಳುವಾಗ ‘ಮೇಮು’, ಒಳಗೊಂಡು ಹೇಳುವಾಗ ‘ಮನಂ’, ಸಂಬಂಧಾರ್ಥದಲ್ಲಿ ಕ್ರಮವಾಗಿ ‘ಮಾ’ ಮತ್ತು ‘ಮನ’. ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಅಪರಿಚಿತನೊಬ್ಬನು ಊರು ಯಾವುದೆಂದು ಕೇಳಿದರೆ ಬಾಗಳಿಯವನು ‘ಮಾ ಊರು ಬಾಗಳಿ’ ಎನ್ನಬೇಕು. ಅದೇ ಮಾರುಕಟ್ಟೆಯಲ್ಲಿ ತೆಲುಗು ಬಲ್ಲ ಬಾಗಳಿಯ ಇನ್ನೊಬ್ಬನು ಸಿಕ್ಕು, ಇಬ್ಬರೂ ಅಲ್ಲಿನವರೊಡನೆ ತೆಲುಗಿನಲ್ಲೇ ಮಾತು ಮುಂದುವರಿಸಿರುವಾಗ, ಆತನತ್ತ ತಿರುಗಿ ಹೇಳಬೇಕಾದದ್ದು ‘ಮನ ಊರು’.