ಕೂಡುವ ಮುನ್ನ ಸಹಪಾಠಿಗಳಿಗೊಂದು ಅರಿಕೆ



1976ರಲ್ಲಿ ಸೊಲ್ಲಾಪುರದಲ್ಲಿ ಪದವಿ ಪಡೆದ ನಾವು ಸಹಪಾಠಿಗಳು ಐವತ್ತು ವರ್ಷಗಳ ತರುವಾಯ ಒಂದೆಡೆ ಕೂಡುವ ದಿನ ಸಮೀಪಿಸುತ್ತಿದೆ. ಆ ನಿಮಿತ್ತವಾಗಿ ಎರಡು ಮಾತುಗಳನ್ನಾಡಲು ಸಂಘದವರು ಅಪ್ಪಣೆ ಕೊಟ್ಟಿದ್ದಾರೆ. ಅವರಿಗೆ ನಾನು ಋಣಿ.

ನಮ್ಮ ಭಾಗದವರಿಗೆ ಉಚ್ಚ ಶಿಕ್ಷಣವೆಂದರೆ ಒಂದು ಕಾಲಕ್ಕೆ ಧಾರವಾಡ, ಸಾಂಗಲಿ, ಪುಣೆಗಳ ದೂರದ ದಾರಿಯಾಗಿತ್ತು. ಸೊಲ್ಲಾಪುರದಲ್ಲಿ 1940ರಲ್ಲಿ ದಯಾನಂದ ಕಾಲೇಜು, 1953ರಲ್ಲಿ ಸಂಗಮೇಶ್ವರ ಕಾಲೇಜು ಆರಂಭವಾದ ಮೇಲೆ ಆ ದಾರಿ ಹತ್ತಿರವಾಯಿತು. ವರಕವಿ ಬೇಂದ್ರೆಯವರು 1944ರಿಂದ 1956ರವರೆಗೆ ದಯಾನಂದ ಕಾಲೇಜಿನಲ್ಲಿ ಕನ್ನಡ ಕಲಿಸಿದ್ದನ್ನು ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತಿದ್ದರು. ನಾವಾದರೋ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಅಕ್ಕಲಕೋಟದಿಂದ ಬೆಳಗಿನ ಬಸ್ಸು ಹಿಡಿಯುತ್ತಿದ್ದೆವು. ಸುಮಾರು 40 ಕಿಲೋಮೀಟರಿನ ಆ ಪ್ರಯಾಣದಲ್ಲಿಯೇ ನಮ್ಮ ಸ್ನೇಹ ಬೆಳೆಯಿತು.

ಅಕ್ಕಲಕೋಟ 1956ರಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತ್ತು. ಅದು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ 1967ರ ಮಹಾಜನ ವರದಿ ಜಾರಿಗೆ ಬರಲಿಲ್ಲ. ಓದುವಾಗ ಗಡಿಯ ಭಾರ ನಮಗೆ ತಿಳಿಯಲಿಲ್ಲ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪದವಿ ಹಿಡಿದು, ಕೆಲವರು ಕಲಬುರಗಿ, ವಿಜಯಪುರಗಳಿಗೂ, ಕೆಲವರು ಪುಣೆ, ಮುಂಬಯಿಗಳಿಗೂ ಹೊಟ್ಟೆಪಾಡಿಗಾಗಿ ಚದುರಿದಾಗ ತಿಳಿಯಿತು. ಸ್ನೇಹಕ್ಕೆ ಗಡಿಯಿಲ್ಲವೆಂದು ನಾವು ಹೇಳಿಕೊಂಡೆವು. ಆದರೆ ಕಾಗದ ಬರೆಯಲಿಲ್ಲ.

ಆಮಂತ್ರಣಕ್ಕಾಗಿ ವಿಳಾಸ ಹುಡುಕುತ್ತ, ಈಚೆಗೆ ಕಲಬುರಗಿಯ ಒಬ್ಬ ಗೆಳೆಯನ ಮನೆಗೆ ಫೋನು ಮಾಡಿದೆ. "ಮಾವನವರು ಹೋಗಿ ಎರಡು ವರ್ಷವಾಯಿತಲ್ಲ ಕಾಕಾ, ನಿಮಗೆ ಗೊತ್ತಾಗಲಿಲ್ಲವೇ?" ಎಂದಳು ಅವನ ಸೊಸೆ. ಮೂರು ವರ್ಷ ಒಂದೇ ಬಾಕಿನ ಮೇಲೆ ಕುಳಿತಿದ್ದವನು! ರೈಲಿನಲ್ಲಿ ಕೆಲವೇ ತಾಸಿನ ದಾರಿ. ಅವನಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ನನಗಿಲ್ಲವಾಯಿತು. ತಪ್ಪು ಯಾರದೂ ಅಲ್ಲ, ನಮ್ಮದೇ.

ಆದ್ದರಿಂದ ನನ್ನ ವಿನಂತಿಯಿಷ್ಟು. ಮಂಟಪ, ಊಟಗಳ ಏರ್ಪಾಟಿಗಿಂತ ಮೊದಲು ವಿಳಾಸದ ವಹಿ ಸಿದ್ಧವಾಗಲಿ. ಅದರಲ್ಲಿ ನಮ್ಮ ಸಂಖ್ಯೆಯೊಡನೆ ಮಗನ ಇಲ್ಲವೆ ಮಗಳ ಸಂಖ್ಯೆಯೂ ಇರಲಿ. ಊರಿಗೊಬ್ಬರು ಹೊಣೆ ಹೊತ್ತು, ಹುಣ್ಣಿಮೆಗೊಮ್ಮೆ ತಮ್ಮ ಊರಿನ ಗೆಳೆಯರ ಯೋಗಕ್ಷೇಮ ವಿಚಾರಿಸಲಿ. ಮೊಬೈಲಿನ ಸಂದೇಶ ಒಳ್ಳೆಯದೇ. ಆದರೆ ಕಣ್ಣು ಮಂಜಾದವರಿಗೆ ದನಿಯೇ ಬೇಕು. ಮದುವೆಯಾಗಿ ಹೆಸರು ಬದಲಾದ ಸಹಪಾಠಿನಿಯರನ್ನು ಅವರ ತವರುಮನೆಯ ಮೂಲಕ ಹುಡುಕೋಣ. ಬರಲಾರದವರ ಮನೆಗೆ ನಾವೇ ಹೋಗೋಣ. ಆಮಂತ್ರಣವನ್ನು ಕನ್ನಡದಲ್ಲಿಯೇ ಬರೆಯೋಣ. ಅಜ್ಜನಿಗೆ ಅದನ್ನು ಓದಿ ಹೇಳುವ ನೆಪದಿಂದಲಾದರೂ ಮೊಮ್ಮಕ್ಕಳ ನಾಲಗೆಯ ಮೇಲೆ ನಮ್ಮ ಅಕ್ಷರಗಳು ಹೊರಳಲಿ.

ಅಗಲಿದವರ ಹೆಸರುಗಳನ್ನು ಓದಿಯೇ ಅಂದಿನ ಸಭೆ ಆರಂಭವಾಗಬೇಕು. ಅವರ ಮನೆಯವರೂ ನಮ್ಮ ಪಂಕ್ತಿಯಲ್ಲಿ ಕೂಡಬೇಕು. ಕಲಬುರಗಿಯ ಆ ಸೊಸೆಗೆ ನಿನ್ನೆಯೇ ಕಾಗದ ಹಾಕಿದ್ದೇನೆ. ಸಮ್ಮೇಳನ ಮುಗಿದ ಮರುದಿನವೂ ನಮ್ಮ ವಹಿ ಮುಚ್ಚದಿರಲೆಂದು ಪ್ರಾರ್ಥಿಸಿ, ನನ್ನ ಮಾತು ಮುಗಿಸುತ್ತೇನೆ.