ಕೈಗೆ ಒಗ್ಗಿದ ಮನೆ



ಮೈಸೂರಿನಲ್ಲಿ ಹೊಸ ಮನೆಗೆ ಹೋದವರನ್ನು ನೋಡಿ. ಹಾಲು ಉಕ್ಕಿಸಿದ್ದಾಯಿತು. ನೆಂಟರು ಊಟ ಮಾಡಿ ಹೊರಟಿದ್ದಾಯಿತು. ಆದರೂ ರಾತ್ರಿ ಕರೆಂಟು ಹೋದರೆ ಬೆಂಕಿಪೊಟ್ಟಣಕ್ಕಾಗಿ ತಡಕಾಡುತ್ತಾರೆ. ಮನೆ ಇನ್ನೂ ಕೈಗೆ ಒಗ್ಗಿಲ್ಲ.

ಇಂಥ ಮನೆ ಕಂಡಾಗ ನಮ್ಮ ನೌಕಾಪಡೆಯ ನಿವೃತ್ತ ಕಮಾಂಡರ್ ಅಭಿಲಾಷ್ ಟೋಮಿಯವರ ಹಾಯಿದೋಣಿ ನೆನಪಾಗುತ್ತದೆ. ಹೆಸರು ‘ಬಯಾನತ್’. ಉದ್ದದಲ್ಲಿ ನಮ್ಮ ಮೂವತ್ತು-ನಲವತ್ತರ ಸೈಟನ್ನೂ ದಾಟುವುದಿಲ್ಲ. 2022ರ ಸೆಪ್ಟೆಂಬರ್ 4ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರಿನಿಂದ ಅವರು ಒಬ್ಬರೇ ಭೂಪ್ರದಕ್ಷಿಣೆ ಮಾಡುವ ಸ್ಪರ್ಧೆಗೆ ಹೊರಟರು. 2018ರಲ್ಲೂ ಅದೇ ಬಂದರು, ಅದೇ ಸ್ಪರ್ಧೆ. ಆಗ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಬೆನ್ನುಮೂಳೆಗೇ ಪೆಟ್ಟಾಗಿತ್ತು. ಅಂಥವರು ಮತ್ತೊಂದು ಪುಟ್ಟ ದೋಣಿಯಲ್ಲಿ ಬಿಡಾರ ಹೂಡಿದರು.

ಹಾಯಿದೋಣಿಯ ಸಂಸಾರವೇ ಬೇರೆ. ಒಲೆಯನ್ನು ಕೀಲಿನ ಮೇಲೆ ಕೂರಿಸಿರುತ್ತಾರೆ. ದೋಣಿ ವಾಲಿದರೂ ಪಾತ್ರೆ ನೆಟ್ಟಗೇ ಇರುತ್ತದೆ. ಮಲಗಿದವರು ಉರುಳದಂತೆ ಹಾಸಿಗೆಯ ಬದಿಗೆ ಬಟ್ಟೆಯ ತಡೆ. ಚಾಕು, ಟಾರ್ಚು, ಹಗ್ಗ, ಔಷಧಿ, ಪ್ರತಿಯೊಂದಕ್ಕೂ ಅದರದೇ ಜಾಗ. ಕಗ್ಗತ್ತಲಲ್ಲಿ ಅಲೆ ಬಡಿದಾಗ ಹುಡುಕಲು ಪುರುಸೊತ್ತೆಲ್ಲಿ? ಕೈ ನೇರವಾಗಿ ಅಲ್ಲಿಗೇ ಹೋಗಬೇಕು. ದೋಣಿಗೆ ದುಡ್ಡು ಕೊಟ್ಟ ದಿನವೇ ಇದು ಬಂದುಬಿಡುವುದಿಲ್ಲ. ಬಂದರಿನಲ್ಲಿ ಕಟ್ಟಿಹಾಕಿದ ದಿನಗಳಲ್ಲಿ ಇಟ್ಟು, ತೆಗೆದು, ಮತ್ತೆ ಇಟ್ಟು ರೂಢಿಯಾಗುತ್ತದೆ. ಹೊರಗಿನವರ ಕಣ್ಣಿಗೆ ಆಗ ದೋಣಿ ಸುಮ್ಮನೆ ನಿಂತಿರುತ್ತದೆ. ಪ್ರಯಾಣ ಆಗಲೇ ಶುರುವಾಗಿದೆ ಎಂದು ನನಗನ್ನಿಸುತ್ತದೆ.

ಹಾಗೆ ಹೊರಟ 236 ದಿನಗಳ ಬಳಿಕ, 2023ರ ಏಪ್ರಿಲ್ 29ರಂದು, ಟೋಮಿ ಎರಡನೆಯವರಾಗಿ ಅದೇ ಬಂದರು ಮುಟ್ಟಿದರು.